ಹುಣ್ಣಿಮೆ ಅಮಾವಾಸ್ಯೆ ಒಂದೇ ದಿನ ಬರಬೇಕು

ಹೊಳೆನರಸೀಪುರದಲ್ಲಿ ನಾನು ಪೌರೋಹಿತ್ಯ ಮಾಡಿಕೊಂಡಿದ್ದ ಕಾಲಕ್ಕೆ ನನ್ನಂಥ ಕಂಠ ಹಾಸನ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ. ಇದು ನಾನು ಹೇಳುವ ಮಾತಲ್ಲ, ಊರು ಹೇಳುವ ಮಾತು. ಊರಿಗೆ ಹೇಳಿಕೊಟ್ಟವನು ಮಾತ್ರ ನಾನು.

ಇಷ್ಟು ಬೇಡಿಕೆ ಇದ್ದವನಿಗೆ ಒಂದೇ ತೊಂದರೆ. ಮನೆಯ ಫೋನು ನನ್ನ ಹೆಂಡತಿಯ ಕೈಯಲ್ಲಿ, ಹೊಸದಾಗಿ ಬಂದಿದ್ದ ಮೊಬೈಲು ನನ್ನ ಕೈಯಲ್ಲಿ. ಯಾರು ಕರೆದರೂ ಇಬ್ಬರೂ ಹೂಂ ಅನ್ನುವವರೇ. ಹೀಗಾಗಿ ಒಂದು ವೈಶಾಖದಲ್ಲಿ ಚನ್ನರಾಯಪಟ್ಟಣದ ಮದುವೆಗೆ ಅವಳು ಒಪ್ಪಿದ್ದಳು, ಅದೇ ಬೆಳಗಿಗೆ ಮೊಸಳೆ ಅನ್ನುವ ಊರಿನ ಗೃಹಪ್ರವೇಶಕ್ಕೆ ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಪ್ಪಿದ್ದೆ. ಎರಡನ್ನೂ ಮಾಡಿಸಿದೆ ಅನ್ನಿ, ನಾನೇನು ಕಮ್ಮಿಯೇ? ಆದರೆ ಚನ್ನರಾಯಪಟ್ಟಣದಲ್ಲಿ ಹುಡುಗಿಯ ತಾತ ಹೇಗೋ ಶುರು ಮಾಡಿಸಿ, ನಾನು ಬರುವ ತನಕ ವಧೂವರರ ನಡುವೆ ಅಂತರಪಟ ಹಿಡಿಸಿ ನಿಲ್ಲಿಸಿದ್ದರು. ನಾನು ಮಂಟಪ ಹತ್ತುವ ಹೊತ್ತಿಗೆ ಹಿಡಿದವರ ತೋಳು ನಡುಗುತ್ತಿತ್ತು.

ಆ ಮದುವೆಗೆ ನೆಂಟನಾಗಿ ಬಂದಿದ್ದವನು ಅರಕಲಗೂಡಿನ ಒಬ್ಬ ಯಜಮಾನ. ಅವನ ತಮ್ಮನ ಮಗಳಿಗೆ ನಾಮಕರಣ ಮಾಡಿಸಿದ್ದು ನಾನು, ಮುಂದಿನ ವರ್ಷ ಮದುವೆ ಮಾಡಿಸಬೇಕಾದವನೂ ನಾನೇ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತ.

"ಐನೋರೇ, ನಮ್ ಮಗೀಗೆ ಎಸ್ರಿಟ್ಟೋರು ನೀವು. ಮದ್ವೇಗೂ ನೀವೇ ಬರ್ಬೇಕು ಅಂತ ಅದ್ರಾಸೆ. ಆದ್ರೆ ಅಂತ್ರಪಟ ಇಡ್ಕಂಡು ಇಂಗೆ ನಿಂತ್ಕಳೋ ಸಕ್ತಿ ನಮ್ ಮನೇಲಿ ಯಾರ್ಗೂ ಇಲ್ಲ ಕಣ್ರೀ. ಇನ್ನೊಂದ್ ಸಲ ಇಂಗಾಯ್ತು ಅಂತ ಕಿವೀಗ್ ಬಿದ್ರೆ ಬ್ಯಾರೆಯೋರ್ನ ನೋಡ್ಕತೀವಿ."

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೇ ವಾಪಸು ಇಟ್ಟೆ. ಆ ಹುಡುಗಿ ಮಗುವಾಗಿದ್ದಾಗ ನನ್ನ ಜುಟ್ಟು ಹಿಡಿದು ಎಳೆದವಳು. ಅವಳ ಮದುವೆಗೆ ಬೇರೆಯವನು ಮಂತ್ರ ಹೇಳುವುದೇ?

ಮನೆಗೆ ಬಂದು ಹೇಳಿದರೆ ಹೆಂಡತಿ ನಕ್ಕಳು. "ಹೂಂ ಅನ್ನೋರು ಈ ಮನೇಲಿ ಇಬ್ಬರಿದ್ದೀವಿ. ಊಹೂಂ ಅನ್ನೋರು ಒಬ್ಬರಾದ್ರೂ ಬೇಕಲ್ಲ," ಅಂದಳು.

ಅದಕ್ಕೇ ಕಂಪ್ಯೂಟರು. ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು, ದೇವರ ಮನೆಯ ಪಕ್ಕದಲ್ಲಿ ಇಟ್ಟೆವು. ಇನ್ನು ಬೇಕಾದದ್ದು ಅದಕ್ಕೊಂದು ಪ್ರೋಗ್ರಾಂ: ದಿನ, ಮುಹೂರ್ತ, ಊರು ಹಾಕಿದರೆ ಆಗುತ್ತದೋ ಇಲ್ಲವೋ ಹೇಳಬೇಕು. ಹಾಸನದ ಕಂಪ್ಯೂಟರ್ ಕ್ಲಾಸಿನವರು ಬರುವ ವಾರ ಬರುವ ವಾರ ಅಂತ ಎರಡು ಹಬ್ಬ ದಾಟಿಸಿದರು.

ಕಟ್ಟಾಯದ ಕಡೆಯ ನನ್ನ ಹೈಸ್ಕೂಲು ಗೆಳೆಯನೊಬ್ಬ ಹಾಸನದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ. ಇಂಟರ್‌ನೆಟ್ಟಿನಲ್ಲಿ ಕೆಲಸ ಹೀಗಿದೆ ಅಂತ ಬರೆದು ಹಾಕಿದರೆ ಪ್ರೋಗ್ರಾಂ ಬರೆಯುವವರು ತಾವಾಗಿಯೇ ಕೇಳಿಕೊಂಡು ಬರುತ್ತಾರೆ ಅಂದ. ಇಂಗ್ಲಿಷಿನಲ್ಲಿ ಬರೆದೂ ಹಾಕಿದ. ಮಾರನೆಯ ವಾರ ಹೋದರೆ ಉತ್ತರಗಳ ರಾಶಿ. ಎಲ್ಲರೂ ಪ್ರವೀಣರು, ಎಲ್ಲರೂ ಇಂಥದ್ದನ್ನು ಆಗಲೇ ಮಾಡಿ ಮುಗಿಸಿದವರು.

"ಐನೋರೇ, ಎಲ್ರೂ ಆಯ್ತದೆ ಅಂತಾನೇ ಬರ್ದವ್ರೆ. ಮುಖ ಕಾಣಕ್ಕಿಲ್ಲ, ಮೂತಿ ಕಾಣಕ್ಕಿಲ್ಲ. ಯಾರ್ನ ಅಂತ ನಂಬೀರಿ?" ಅಂದ ಗೆಳೆಯ.

ಜಂಬ ಕೊಚ್ಚುವವರ ಗುರುತು ನನಗೆ ಸಿಗದೆ ಇನ್ಯಾರಿಗೆ ಸಿಗಬೇಕು? ಎಲ್ಲರಿಗೂ ಇನ್ನೊಂದು ಸಾಲು ಬರೆಯಲು ಹೇಳಿದೆ: ನಮ್ಮೂರಿನ ಪದ್ಧತಿಯಂತೆ ಹುಣ್ಣಿಮೆ, ಅಮಾವಾಸ್ಯೆ ಎರಡೂ ಒಂದೇ ದಿನ ಬರುವ ಹಾಗೆ ಪಂಚಾಂಗವನ್ನೂ ಸೇರಿಸಿಕೊಡಬೇಕು. ಗೆಳೆಯ ಟೈಪು ಮಾಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ನಗುತ್ತ ಮುಂದುವರಿಸಿದ.

ಉತ್ತರಗಳು ಬಂದವು. ಒಬ್ಬ, ಖಂಡಿತ ಸರ್, ಯಾವ ತೊಂದರೆಯೂ ಇಲ್ಲ ಅಂತ ಬರೆದಿದ್ದ. ಇನ್ನೊಬ್ಬ ಇಂಥ ಪಂಚಾಂಗವನ್ನು ಬೇರೊಬ್ಬರಿಗೆ ಆಗಲೇ ಮಾಡಿಕೊಟ್ಟಿದ್ದನಂತೆ, ಅವರಿಗೆ ಬಹಳ ಸಂತೋಷವಾಗಿತ್ತಂತೆ. ಮತ್ತೊಬ್ಬ, ಬೇಕಾದರೆ ಇಡೀ ವರ್ಷ ಹಾಗೇ ಬರುವಂತೆ ಮಾಡಿಕೊಡುತ್ತೇನೆ ಅಂದಿದ್ದ. ಸೂರ್ಯಚಂದ್ರರೇ ಅವರ ಜೇಬಿನಲ್ಲಿದ್ದರು. ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಸಿಸ್ಟಮ್ಮಿನಲ್ಲಿ ರಿಸಲ್ಟ್ ನೋಡುತ್ತಿದ್ದವರು ಎದ್ದುಹೋದರು.

ಒಬ್ಬರು ಮಾತ್ರ ಬೇರೆ ಥರ ಬರೆದಿದ್ದರು. ಹುಣ್ಣಿಮೆ, ಅಮಾವಾಸ್ಯೆ ಒಂದೇ ದಿನ ಬರುವುದಿಲ್ಲ. ಬರೆಯುವಾಗ ತಪ್ಪಾಗಿದ್ದರೆ ತಿದ್ದಿ ಕಳಿಸಿ. ಪರೀಕ್ಷೆ ಮಾಡುತ್ತಿದ್ದರೆ ನಾನು ಪಾಸೋ ಫೇಲೋ ತಿಳಿಸಿ.

"ಇವರೇ," ಅಂದೆ.

ಫೋನು ಮಾಡಿದರೆ ಮಂಗಳೂರಿನ ಹೆಂಗಸು. ಮನೆಯಲ್ಲೇ ಕೂತು ಈ ಕೆಲಸ ಮಾಡುತ್ತಿದ್ದರು. ನಮ್ಮ ಊರುಗಳ ದೂರ, ಬಸ್ಸಿನ ಹೊತ್ತು, ರಾಹುಕಾಲ ಎಲ್ಲ ಕೇಳಿ ಬರೆದುಕೊಂಡರು. ಮುಹೂರ್ತ ಆದ ಮೇಲೆ ಹೊರಡಲು ನಿಮಗೆಷ್ಟು ಹೊತ್ತು ಬೇಕು ಅಂದರು. ತಾಳಿ ಕಟ್ಟಿಸಿದ ತಕ್ಷಣ ಹೊರಟೆ ಅಂತ ಜಂಬವಾಗಿ ಹೇಳಿದೆ. ಅವರು, "ಭಟ್ರೇ, ಫೋನ್ ಒಮ್ಮೆ ನಿಮ್ಮ ಹೆಂಡತಿಗೆ ಕೊಡ್ತೀರಾ?" ಅಂದರು.

ಅವರಿಬ್ಬರ ಮಾತು ಬಲು ಹೊತ್ತು ನಡೆಯಿತು. ನಾನು ಕದ್ದು ಕೇಳಿದ ಮಟ್ಟಿಗೆ ಲಾಜಹೋಮ, ಸಪ್ತಪದಿ ಆದ ಮೇಲೆ ನನ್ನ ಊಟ, ಎಲೆಅಡಿಕೆ, ಆಮೇಲಿನ ನನ್ನ ಹರಟೆ, ಎಲ್ಲದಕ್ಕೂ ನನ್ನ ಹೆಂಡತಿ ಲೆಕ್ಕ ಕೊಡುತ್ತಿದ್ದಳು. ಹರಟೆಗೆ ಕೊಟ್ಟದ್ದು ಹೋಮಕ್ಕಿಂತ ಹೆಚ್ಚು.

ಹೇಳಿದ ದಿನಕ್ಕೆ ಪ್ರೋಗ್ರಾಂ ಬಂತು. ಗೆಳೆಯ ಸಿ.ಡಿ.ಗೆ ಹಾಕಿಕೊಟ್ಟ. ಅವತ್ತಿನಿಂದ ಹೂಂ ಅನ್ನುವ ಮೊದಲು ನಾನು ಮನೆಗೆ ಫೋನು ಮಾಡುವುದು, ಅವಳು ಕಂಪ್ಯೂಟರ್ ನೋಡಿ ಹೇಳುವುದು. ಕಂಪ್ಯೂಟರ್ ಇಟ್ಟ ಪುರೋಹಿತ ಅಂತ ನನ್ನ ಹೆಸರು ರಾಮನಾಥಪುರದ ತನಕ ಹೋಯಿತು.

ಹೋದದ್ದೇ ಕಷ್ಟವಾಯಿತು. ಅರಕಲಗೂಡಿನ ಮದುವೆ ನಿಶ್ಚಯವಾಗಿ, ಬೆಳಗಿನ ಮುಹೂರ್ತ ಇಟ್ಟಾಗಿತ್ತು. ಅದೇ ದಿನ ಹನ್ನೊಂದೂವರೆಗೆ ರಾಮನಾಥಪುರದಲ್ಲಿ ತಂಬಾಕಿನ ಸಾಹುಕಾರರ ಹೊಸ ಮನೆಯ ಪ್ರವೇಶ. ಊರಲ್ಲೇ ಇಲ್ಲದಂಥ ಮನೆ, ನನ್ನ ಕಂಠವೇ ಬೇಕಂತೆ. ಅರಕಲಗೂಡಿಗೂ ರಾಮನಾಥಪುರಕ್ಕೂ ಎಷ್ಟು ಮಹಾ ದೂರ? ಹೆಂಡತಿ ಅಡುಗೆಮನೆಯಲ್ಲಿದ್ದಾಗ ನಾನೇ ಕೂತು ಹಾಕಿದೆ. ಆಗುವುದಿಲ್ಲ ಅಂದಿತು.

ಮಂಗಳೂರಿಗೆ ಫೋನು ಮಾಡಿ, ಇದೊಂದು ಸಲ ಸ್ವಲ್ಪ ಸಡಿಲ ಮಾಡಿಕೊಡಿ ಅಂದೆ.

"ಅದು ಆಗುದಿಲ್ಲ ಭಟ್ರೇ."

"ನೀವು ಬರೆದದ್ದೇ ತಾನೇ? ನೀವೇ ತಿದ್ದಿದರೆ ಆಗುತ್ತೆ."

"ಹುಣ್ಣಿಮೆ ಅಮಾವಾಸ್ಯೆ ಒಟ್ಟಿಗೆ ಆಗುದಿಲ್ಲ ಅಂತ ಹೇಳಿದ್ದಕ್ಕೇ ಅಲ್ವಾ ನನಗೆ ಕೆಲಸ ಕೊಟ್ಟದ್ದು? ಇದೂ ಅದೇ," ಅಂದರು. ಆಮೇಲೆ ಮಂಗಳೂರಿನ ಸೆಕೆ ವಿಚಾರ ಮಾತಾಡಿ ಫೋನಿಟ್ಟರು.

ಬುದ್ಧಿವಂತಿಕೆಯಲ್ಲಿ ನಾನು ಯಾರಿಗೆ ಕಮ್ಮಿ? ಕಂಪ್ಯೂಟರಿನಲ್ಲಿ ಅರಕಲಗೂಡಿನ ಮುಹೂರ್ತವನ್ನೇ ಎರಡು ಗಂಟೆ ಹಿಂದಕ್ಕೆ ತಳ್ಳಿ, ಮತ್ತೆ ರಾಮನಾಥಪುರ ಒತ್ತಿದೆ. ತೆರೆಯ ತುಂಬ ದಪ್ಪ ಕನ್ನಡ ಅಕ್ಷರಗಳು ಮೂಡಿದವು: "ಒಪ್ಪಿಕೊಂಡ ಮುಹೂರ್ತವನ್ನು ತಿದ್ದಲಾಗಿದೆ. ಈ ದಿನ ಹುಣ್ಣಿಮೆಯೂ ಅಮಾವಾಸ್ಯೆಯೂ ಒಟ್ಟಿಗೆ ಬಂದಿವೆ. ದಯವಿಟ್ಟು ಮನೆಯವರನ್ನು ಕರೆಯಿರಿ."

ಕರೆಯುವ ಅಗತ್ಯವೇ ಬೀಳಲಿಲ್ಲ. ಸೌಟು ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು. ಆ ಸಾಲು ಸೇರಿಸಿದ್ದು ಅವರಿಬ್ಬರೂ ಸೇರಿಯಂತೆ, ಮೊದಲ ದಿನದ ಫೋನಿನಲ್ಲೇ. ಜೀವಮಾನವೆಲ್ಲ ಊರಿಗೆ ಚೇಷ್ಟೆ ಮಾಡಿದವನಿಗೆ ನೂರು ಮೈಲಿಯಾಚೆ ಕೂತವರು, ಮುಖ ಕೂಡ ನೋಡದೆ, ಬತ್ತಿ ಇಟ್ಟಿದ್ದರು. ರಾಮನಾಥಪುರದ ಗೃಹಪ್ರವೇಶವನ್ನು ನಮ್ಮ ಬೀದಿಯ ಇನ್ನೊಬ್ಬ ಪುರೋಹಿತರಿಗೆ ಬಿಟ್ಟುಕೊಟ್ಟೆ. ಧಾರಾಳ ಬುದ್ಧಿಯಿಂದ ಕೊಟ್ಟೆ ಅಂತ ಅವರಿಗೆ ಹೇಳಿದ್ದೇನೆ. ಇದನ್ನು ಓದಿದರೆ ಓದಿಕೊಳ್ಳಲಿ.

ಅರಕಲಗೂಡಿಗೆ ವಾಲಗದವರಿಗಿಂತ ಮೊದಲೇ ಹೋಗಿ ಕೂತಿದ್ದೆ. ಎಲ್ಲ ಶಾಸ್ತ್ರ ಸಾವಕಾಶವಾಗಿ ನಡೆಯಿತು. ಅಂತರಪಟ ಹಿಡಿಯುವ ಹೊತ್ತಿಗೆ ಒಂದು ತುದಿಯನ್ನು ಹುಡುಗಿಯ ದೊಡ್ಡಪ್ಪನನ್ನೇ ಕರೆದು ಕೊಟ್ಟೆ. ಚನ್ನರಾಯಪಟ್ಟಣದ ಪಂಕ್ತಿಯಲ್ಲಿ ನನಗೆ ಎಚ್ಚರಿಕೆ ಕೊಟ್ಟಿದ್ದ ಯಜಮಾನ ಅವನೇ. ಮುಹೂರ್ತಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ನನಗೆ ಬೇರೆಲ್ಲೂ ಹೋಗುವುದಿರಲಿಲ್ಲ. ಮಂಗಳಾಷ್ಟಕ ಮುಗಿಸಿ, ಗೊತ್ತಿದ್ದ ಶ್ಲೋಕವನ್ನೆಲ್ಲ ರಾಗವಾಗಿ ಹೇಳಿದೆ. ಬಟ್ಟೆ ನಡುಗತೊಡಗಿತು. ಅದರ ಆಚೆ ಹುಡುಗಿ ತಲೆ ಬಗ್ಗಿಸಿಕೊಂಡು ನಗುತ್ತಿದ್ದಳು.

ಯಜಮಾನ ನನ್ನ ಕಿವಿಯ ಹತ್ತಿರ ಬಗ್ಗಿದ. "ಐನೋರೇ, ನೀವ್ ಲೇಟಾಗ್ ಬಂದ್ರೂ ಕಷ್ಟ, ಬ್ಯಾಗ ಬಂದ್ರೂ ಕಷ್ಟ ಕಣ್ರೀ."