ಹರಿಹರನ ಮನೆಯೊಳಗೆ ಉಚ್ಚಂಗಮ್ಮ

ಹದಡಿಯ ಉಚ್ಚೆಂಗಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ. ಎಲೆಕ್ಟ್ರಾನಿಕ್ ತಕ್ಕಡಿ ಬಂದು ಕಸುಬು ಕೈಬಿಡುವ ಹಾಗಾದಾಗ ಪಿ.ಜೆ. ಬಡಾವಣೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದ. ಇಂಗ್ಲಿಷ್ ಕಮಾಂಡುಗಳನ್ನು ಅರ್ಥವಾಗಲಿ ಬಿಡಲಿ, ಮಗ್ಗಿಯ ಹಾಗೆ ಉರುಹೊಡೆದ. ಎರಡು ವರ್ಷ ಹೆಣಗಿ, ಲಾರಿಯ ತೂಕ ಹಿಡಿದು ಚೀಟಿ ಬರೆಯುವ ಪ್ರೋಗ್ರಾಂ ಒಂದನ್ನು ತಾನೇ ಬರೆದ.

ಹೊಸ ಪೆಟ್ಟಿಗೆ ತಂದರೂ ಮೊದಲು ಮನೆದೇವರು ಉಚ್ಚಂಗಮ್ಮನ ಹೆಸರು ಬರೆಯುವುದು ಅವರ ಮನೆಯ ರೂಢಿ. ಕಂಪ್ಯೂಟರಿನಲ್ಲೂ ಅವನು ಅದನ್ನು ಬಿಡಲಿಲ್ಲ. ಡಿ ಡ್ರೈವಿನಲ್ಲಿ ‘ಉಚ್ಚಂಗಿ’ ಎಂಬ ಫೋಲ್ಡರ್ ಮಾಡಿ ಎಲ್ಲ ಫೈಲನ್ನೂ ಅಲ್ಲಿಟ್ಟ. ಒಂದು ಫೈಲು ಇನ್ನೊಂದನ್ನು ಕರೆಯುವ ನಲವತ್ತೊಂದು ಕಡೆಯೂ ಅದೇ ವಿಳಾಸವನ್ನು ಪೂರ್ತಿ ಬರೆದ.

ತೊಂಬತ್ತೆಂಟರ ಸಂಕ್ರಾಂತಿ ಹೊತ್ತಿಗೆ, ಅವನು ಹಿಂದೆಲ್ಲ ತಕ್ಕಡಿ ರಿಪೇರಿಗೆ ಹೋಗುತ್ತಿದ್ದ ಹರಿಹರದ ಅಕ್ಕಿ ಮಿಲ್ಲಿನ ನಾಗರಾಜಪ್ಪ ಕರೆ ಕಳಿಸಿದರು. ಉಚ್ಚೆಂಗಪ್ಪ ಫ್ಲಾಪಿಗಳನ್ನು ಬುತ್ತಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಅಲ್ಲಿನ ಕಂಪ್ಯೂಟರಿಗೆ ಡಿ ಡ್ರೈವೇ ಇರಲಿಲ್ಲ, ಇದ್ದದ್ದು ಸಿ ಒಂದೇ.

“ಹೆಸರು ಹರಿಹರ ಅಂತ ಇಡಪಾ,” ಎಂದರು ನಾಗರಾಜಪ್ಪ. “ಈ ಊರಾಗ ನಮ್ಮ ದೇವರು ಇರುವಾಗ ಬ್ಯಾರೆ ಹೆಸರು ಯಾಕ?”

ಆಗಲಿ ಎಂದು ಸಿ ಡ್ರೈವಿನ ‘ಹರಿಹರ’ಕ್ಕೆ ಎಲ್ಲವನ್ನೂ ಇಳಿಸಿದ. ಮಿಲ್ಲಿನ ತಕ್ಕಡಿ ಬೇರೆ ಥರದ್ದಾದ್ದರಿಂದ ನಾಲ್ಕು ಸಾಲು ಬದಲಿಸಿ, ಪ್ರೋಗ್ರಾಮನ್ನು ಅಲ್ಲೇ ಹೊಸದಾಗಿ ಕಟ್ಟಬೇಕಿತ್ತು. ಕೀಲಿ ಒತ್ತಿದ. ಡಿ ಡ್ರೈವಿನ ಉಚ್ಚಂಗಿಯಲ್ಲಿ ಫೈಲು ಸಿಗಲಿಲ್ಲ ಎಂದಿತು ಪರದೆ. ಮತ್ತೆ ಒತ್ತಿದ. ಅದೇ ಮಾತು.

ವಿಳಾಸಗಳನ್ನು ಒಂದೊಂದಾಗಿ ತಿದ್ದತೊಡಗಿದ. ಹತ್ತು ತಿದ್ದುವಷ್ಟರಲ್ಲಿ ಮೂರು ಕಡೆ ವಿಳಾಸದ ನಡುವಿನ ಓರೆ ಗೀಟು ಬಿಟ್ಟುಹೋಗಿ ಹೊಸ ತಪ್ಪುಗಳು ಎದ್ದವು. ಮೇಲಾಗಿ ಇಲ್ಲಿ ತಿದ್ದಿದ್ದು ದಾವಣಗೆರೆಯ ಯಂತ್ರಕ್ಕೆ ಒಗ್ಗುವುದಿಲ್ಲ. ಇನ್ನು ಯಾವ ಮಿಲ್ಲಿಗೆ ಹೋದರೂ ಇದೇ ಗೋಳು. ಮೇಜು ಗುದ್ದಿದ. ಚಾ ಲೋಟ ಉರುಳಿತು.

“ತಕ್ಕಡಿ ತಟ್ಟಿದಂಗೆ ಅದನ್ನೂ ತಟ್ಟಬ್ಯಾಡ,” ಎಂದರು ನಾಗರಾಜಪ್ಪ. “ಹೊರಗ ಭತ್ತದ ಲಾರಿ ನಿಂತಾವ. ಸಂಜಿಗೆ ಆಗ್ಲಿಲ್ಲಾಂದ್ರೆ ಬೆಂಗಳೂರಿನವ್ರಿಗೆ ಫೋನ್ ಮಾಡ್ತೀನಿ.”

ಉಚ್ಚೆಂಗಪ್ಪ ಹನ್ನೊಂದನೇ ವಿಳಾಸಕ್ಕೆ ಕೈಹಾಕಿದ. ಇವತ್ತು ಕೈಕೊಟ್ಟರೆ ಎರಡು ವರ್ಷದ ಹೆಣಗಾಟ ಹೊಳೆಪಾಲು. ಸಾಯುವ ತನಕ ತಕ್ಕಡಿ ಉಚ್ಚೆಂಗಪ್ಪನೇ.

ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಹಯಾತ್ ಸಾಬ್ ಸೈಕಲ್ ನಿಲ್ಲಿಸಿ, ಒಂದು ಕಟ್ಟು ಟಪಾಲು ತಂದು ಮೇಜಿನ ಮೇಲಿಟ್ಟರು. ಎಲ್ಲದರ ಮೇಲೂ ಪೇಟೆ ಬೀದಿಯ ಹಳೇ ಮಿಲ್ಲಿನ ವಿಳಾಸ.

“ಮಿಲ್ಲು ಇಲ್ಲಿಗೆ ಬಂದು ಮೂರು ವರ್ಷ ಆತಲ್ರೀ ಸಾಬ್ರೆ,” ಎಂದ ಉಚ್ಚೆಂಗಪ್ಪ, ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಸಿಕ್ಕರಲ್ಲ ಎಂಬಂತೆ. “ವಿಳಾಸ ತಿದ್ದಬಾರದೇನ್ರೀ?”

“ಎಷ್ಟು ಊರಿನ ಲಕೋಟೆ ತಿದ್ದಲಿ ಉಚ್ಚೆಂಗಣ್ಣ? ಬರೆಯೋರು ಹಳೇದನ್ನೇ ಬರೀಲಿ. ಪೇಟೆ ಬೀದಿದು ಅಂದ್ರ ಇಲ್ಲಿಗೆ ಒಯ್ಯಬೇಕು ಅಂತ ನಂಗ ಒಬ್ಬನಿಗೆ ಗೊತ್ತಿದ್ರೆ ಸಾಕಲ್ಲ.”

ಉಚ್ಚೆಂಗಪ್ಪ ಥಟ್ಟನೆ ಪರದೆಯ ಕಡೆ ತಿರುಗಿದ. ಉರುಹೊಡೆದ ಕಮಾಂಡುಗಳಲ್ಲಿ ‘ಸಬ್‌ಸ್ಟ್’ ಎಂಬುದೊಂದಿತ್ತು. ಒಂದು ಫೋಲ್ಡರನ್ನೇ ಡ್ರೈವ್ ಎಂದು ತೋರಿಸುವ ಕಮಾಂಡು. ಇದು ಯಾರಿಗೂ ಬೇಕಾಗಲ್ಲ ಎಂದು ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು ದಾಟಿಸಿದ್ದರು.

ತಿದ್ದಿದ್ದನ್ನೆಲ್ಲ ಅಳಿಸಿ ಫ್ಲಾಪಿಯಿಂದ ಮತ್ತೆ ಇಳಿಸಿಕೊಂಡ. ಈ ಸಲ ಹರಿಹರದ ಒಳಗೆ ಉಚ್ಚಂಗಿ ಎಂಬ ಫೋಲ್ಡರ್ ಮಾಡಿ ಅದರಲ್ಲಿಟ್ಟ. ಡಿ ಎಂದು ಯಾರು ಕೇಳಿದರೂ ಹರಿಹರಕ್ಕೆ ಕರೆದುಕೊಂಡು ಹೋಗು ಎಂದು ಒಂದೇ ಸಾಲು ಬರೆದ. ಬೆಳಿಗ್ಗೆ ಯಂತ್ರ ಹಚ್ಚಿದಾಗಲೆಲ್ಲ ಅದೇ ಮೊದಲು ಓಡುವಂತೆ ಕೂರಿಸಿದ. ನಾಲ್ಕು ಸಾಲು ಬದಲಿಸಿ ಕೀಲಿ ಒತ್ತಿದ.

ಒಂದೂ ತಪ್ಪಿಲ್ಲದೆ ಕಟ್ಟಿಕೊಂಡಿತು. ಮೊದಲ ಲಾರಿ ತೂಕಕ್ಕೆ ಹತ್ತಿತು. ಪರದೆಯ ಅಂಕಿ ಸ್ವಲ್ಪ ಕುಣಿದು ನಿಂತಿತು, ಪ್ರಿಂಟರ್ ಕಿರುಗುಟ್ಟಿ ಚೀಟಿ ಉಗುಳಿತು. ನಾಗರಾಜಪ್ಪ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

“ರಾಣೆಬೆನ್ನೂರಾಗ ನಮ್ಮ ಷಡ್ಡಕಂದು ಮಿಲ್ಲು ಐತೆ,” ಎಂದರು. “ಆದ್ರ ಅವ್ನ ದೇವರು ಬ್ಯಾರೆ.”

“ಯಾರಾದ್ರೂ ಇರ್ಲಿ ಬಿಡ್ರೀ ಸಾವ್ಕಾರ್ರೆ. ನಮ್ಮಮ್ಮಗ ಒಳಗ ಒಂದು ಮೂಲಿ ಕೊಟ್ರ ಸಾಕು,” ಎಂದು ಉಚ್ಚೆಂಗಪ್ಪ ಒದ್ದೆ ಮೇಜನ್ನು ತನ್ನ ಟವೆಲಿನಿಂದಲೇ ಒರೆಸಿದ.