ಒಂದನೇ ತಾರೀಖಿನ ಪ್ರೋಗ್ರಾಮು

ಬ್ಯಾಂಕೊಂದರ ಮೇನ್‌ಫ್ರೇಮ್ ಕಂಪ್ಯೂಟರಿನ ಲೈಸೆನ್ಸ್ ಖರ್ಚು ತಿಂಗಳು ತಿಂಗಳು ಯಾಕೆ ಏರುತ್ತದೆಂದು ವರದಿ ಬರೆಯುವುದು ನನ್ನ ಕೆಲಸ. ಕಂಪ್ಯೂಟರು ಅತಿ ಹೆಚ್ಚು ದುಡಿದ ತಾಸುಗಳ ಮೇಲೆ ಬಿಲ್ಲು. ಒಂದು ಹಳೇ ಪ್ರೋಗ್ರಾಮು ತಿಂಗಳಿಗೊಮ್ಮೆ, ಪ್ರತಿಸಲ ಬೇರೆ ತಾರೀಖಿಗೆ, ಮಧ್ಯಾಹ್ನ ಓಡಿ ಬಿಲ್ಲು ಏರಿಸುತ್ತಿತ್ತು. ಕಾರಣ ಹೇಳದಿದ್ದರೆ ನನ್ನ ಕೆಲಸ ಹೋಗುತ್ತಿತ್ತು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಆ ತಾರೀಖುಗಳ ಹಾಳೆ ನೋಡುತ್ತಿದ್ದೆ. ಮಸ್ಕಿಯಲ್ಲಿ ಹತ್ತಿದ ಕಿರಾಣಿ ಅಂಗಡಿಯ ಅಜ್ಜರೊಬ್ಬರು ಪಕ್ಕದಲ್ಲಿ ಕೂತು ಬಗ್ಗಿ ಓದಿದರು.

"ಇವೆಲ್ಲಾ ಅಮಾಸಿ ಅಲ್ಲೇನು ತಂಗಿ? ಅಮಾಸಿಗೊಮ್ಮೆ ಸತ್ತವರು ಯಾರಿಗೆ ಎಡಿ ಇಡಾಕತ್ತೀಯವ್ವಾ?"

ಇಳಿದವಳೇ ಬ್ಯಾಂಕಿನ ಮ್ಯಾನೇಜರಿಗೆ ಫೋನ್ ಮಾಡಿದೆ. "ಆ ಪ್ರೋಗ್ರಾಮನ್ನ ಪ್ರತಿ ತಿಂಗಳು ಒಂದನೇ ತಾರೀಖಿಗೆ ಓಡಲಿ ಅಂತಲೇ ಬರೆದಿದ್ದರಲ್ಲಮ್ಮಾ," ಎಂದರು. "ಬರೆದವರು ತೀರಿಕೊಂಡು ಎಷ್ಟೋ ವರ್ಷ ಆಯ್ತು. ಆಮೇಲೆ ಯಾರೂ ಅದನ್ನ ಮುಟ್ಟಿಲ್ಲ."

ವರದಿಯಲ್ಲಿ 'ಕ್ಯಾಲೆಂಡರ್ ಪ್ರಕಾರ ನಡೆಯುವ ಕೆಲಸ' ಎಂದು ಬರೆದೆ. ಯಾವ ಕ್ಯಾಲೆಂಡರ್ ಎಂದು ಯಾರೂ ಕೇಳಲಿಲ್ಲ. ಕೆಲಸ ಉಳಿಯಿತು, ನನ್ನದೂ ಆ ತೀರಿಕೊಂಡವರದೂ.