ಹುಬ್ಬು ಕೇಳಿದ ದೇವರು

ಓದುಗರೆಲ್ಲರಿಗೂ ನಮಸ್ಕಾರ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು, ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಒತ್ತು, ದೀರ್ಘ ಎಲ್ಲಾದರೂ ಜಾರಿ ಬಿದ್ದಿದ್ದರೆ ನೀವೇ ಎತ್ತಿ ಕೂರಿಸಿಕೊಂಡು ಓದಬೇಕು.

ಮೊನ್ನೆ ಪಕ್ಕದ ಮನೆಯವರು ತಿರುಪತಿಯಿಂದ ಬಂದು ಲಡ್ಡು ಕೊಟ್ಟರು. ಪಚ್ಚಕರ್ಪೂರದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಭಕ್ತಿಗಿಂತ ಮೊದಲು ನಗು ಬಂತು. ತಪ್ಪು ತಿಳಿಯಬೇಡಿ, ಕಾರಣ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದೆ. ತಂಗಿ ಸಾವಿತ್ರಿ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಲಗ್ಗೆರೆಯ ವಠಾರದಲ್ಲಿ ನಮ್ಮದೊಂದು ರೂಮು. ಹತ್ತೊಂಬತ್ತರ ಹುಡುಗಿಗೆ ಹೊಟ್ಟೆ ಊದಿಕೊಂಡಿತು. ಗ್ಯಾಸು ಎಂದು ತೀರ್ಮಾನಿಸಿ ಒಂದು ತಿಂಗಳು ಜೀರಿಗೆ ಕಷಾಯ ಕುಡಿಸಿದೆ. ನನ್ನ ವೈದ್ಯಜ್ಞಾನ ಅಷ್ಟೇ. ಕೊನೆಗೆ ಆಸ್ಪತ್ರೆಯಲ್ಲಿ ತಿಳಿದದ್ದು ಅಂಡಾಶಯದ ಕ್ಯಾನ್ಸರ್, ಅದರಲ್ಲೂ ಅಪರೂಪದ ಬಗೆ.

"ಅಪರೂಪ ಅಂದ್ರೆ ಔಷಧಿ ಇಲ್ವಾ ಮೇಡಂ?"

"ಇದೆ ಕಣ್ರೀ," ಎಂದರು ಡಾಕ್ಟರಮ್ಮ. "ಚಿಕ್ಕ ಹುಡುಗೀರಿಗೆ ಬರೋದು ಇದು. ಬೇಗ ಬೆಳೆಯುತ್ತೆ, ಔಷಧಿಗೂ ಬೇಗ ಬಗ್ಗುತ್ತೆ. ಆದ್ರೆ ಒಂದು ಸುತ್ತೂ ತಪ್ಪಿಸ್ಬಾರ್ದು."

ಒಂದು ಅಂಡಾಶಯ ತೆಗೆದರು, ಇನ್ನೊಂದನ್ನು ಉಳಿಸಿದರು. ಆಮೇಲೆ ಮೂರು ವಾರಕ್ಕೊಮ್ಮೆ ಐದೈದು ದಿನ ಕೀಮೋ, ಒಟ್ಟು ನಾಲ್ಕು ಸುತ್ತು. ಎರಡನೆಯದಕ್ಕೇ ಕೂದಲೆಲ್ಲ ದಿಂಬಿನ ಮೇಲಿತ್ತು.

ಬೋಳುತಲೆಯಲ್ಲಿ ಆಟೋ ಇಳಿದವಳನ್ನು ಕಂಡು ಮನೆ ಓನರ್ ಜಯಮ್ಮ ಕೈಮುಗಿದೇಬಿಟ್ಟರು. "ತಿರುಪ್ತಿಗೋಗಿ ಮುಡಿ ಕೊಟ್ಬಂದ್ಯಾ? ಒಂದ್ ಮಾತು ಹೇಳ್ಬಾರ್ದೇನಮ್ಮಾ! ಎಲ್ಲಿ ಪ್ರಸಾದ?"

ನಾನು ಬಾಯಿ ಬಿಡುವ ಮೊದಲೇ ಸಾವಿತ್ರಿ, "ಅಣ್ಣನ ಬ್ಯಾಗಲ್ಲೈತೆ ಆಂಟಿ, ಸಂಜೆ ಕೊಡ್ತೀವಿ" ಎಂದಳು.

ಒಳಗೆ ಹೋಗಿ, ಯಾಕೆ ಸುಳ್ಳು ಹೇಳಿದೆ ಎಂದು ರೇಗಿದೆ. ಅವಳು, "ಕ್ಯಾನ್ಸರ್ ಅಂದ್ರೆ ಇವತ್ತಿಂದ್ಲೇ ನನ್ನ ಹಾರ ಹಾಕಿದ್ ಫೋಟೋ ನೋಡ್ದಂಗೆ ನೋಡ್ತಾರೆ. ಹೋಗಿ ಲಡ್ಡು ತಗೊಂಬಾ" ಎಂದಳು.

ಸ್ವೀಟ್ ಅಂಗಡಿಯ ಲಡ್ಡುವಿಗೆ ಪಚ್ಚಕರ್ಪೂರ ಉಜ್ಜಿ, ದೇವರಲ್ಲಿ ಕ್ಷಮೆ ಕೇಳಿ, ವಠಾರಕ್ಕೆಲ್ಲ ಹಂಚಿದೆ. ಜಯಮ್ಮ ಕಣ್ಣಿಗೊತ್ತಿಕೊಂಡು, "ವಾಸ್ನೇಲೇ ಗೊತ್ತಾಗುತ್ತೆ ಕಣಪ್ಪ, ಬೆಟ್ಟದ್ದೇ!" ಎಂದು ಇನ್ನೊಂದು ಕೇಳಿ ತಿಂದರು.

ಮೂರನೆಯ ಸುತ್ತಿಗೆ ಹುಬ್ಬೂ ಉದುರಿತು. ಜಯಮ್ಮ ನಲ್ಲಿಯ ಹತ್ತಿರ ಅವಳ ಮುಖವನ್ನೇ ನೋಡುತ್ತಾ ನಿಂತರು. "ಅಲ್ವೇ, ಹುಬ್ಬು ಕೇಳೋ ದೇವ್ರು ಯಾವ್ದೇ?"

ಸಾವಿತ್ರಿಗೆ ನಗು ಬಂತು, ಅದರ ಹಿಂದೆಯೇ ಅಳು. ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ, ಬೇರೆ ಬಗೆಯ ಕ್ಯಾನ್ಸರಿನ ಹೆಂಗಸು ತೀರಿಕೊಂಡದ್ದನ್ನೂ ಹೇಳಿದಳು. ಮತ್ತೆ ಆ ವಾರ್ಡಿಗೆ ಕಾಲಿಡುವುದಿಲ್ಲ, ನಾಲ್ಕನೆಯ ಸುತ್ತು ಬೇಡವೇ ಬೇಡ ಎಂದಳು.

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಂಗೆ ಸುಳ್ಳು ಪ್ರಸಾದ ತಿನ್ಸಿದ್ದೀಯ, ಅದೂ ಎರಡು! ಆ ತಪ್ಪಿಗೆ ಇನ್ನೊಂದ್ ಸುತ್ತು ಮುಗಿಸ್ಬೇಕು. ನಡಿ, ನಾನೂ ಬರ್ತೀನಿ."

ಐದೂ ದಿನ ಬಂದರು. ವಠಾರದಲ್ಲಿ ಕೇಳಿದವರಿಗೆಲ್ಲ, "ಅವ್ರ ಮನೆದೇವ್ರಿಗೆ ಹುಬ್ಬೂ ಕೊಡ್ಬೇಕಂತೆ ಕಣ್ರೀ, ಬಾಳ ಕಟ್ಟುನಿಟ್ಟು" ಎಂದು ಮುಖ ಗಂಭೀರ ಮಾಡಿ ಹೇಳುತ್ತಿದ್ದರು.

ವರ್ಷಗಟ್ಟಲೆ ತಪಾಸಣೆ ನಡೆಯಿತು. ಕಾಯಿಲೆ ಮರಳಲಿಲ್ಲ. ಉಳಿಸಿದ ಒಂದೇ ಅಂಡಾಶಯದಲ್ಲಿ ಸಾವಿತ್ರಿ ಇಬ್ಬರು ಮಕ್ಕಳ ತಾಯಿಯಾದಳು.

ಇದನ್ನು ಬರೆಯುವ ಮುಂಚೆ ಫೋನ್ ಮಾಡಿ, ಹೆಸರು ಬದಲಾಯಿಸಲೇ ಎಂದು ಕೇಳಿದೆ.

"ಯಾಕಣ್ಣ? ನನ್ ಹೆಸ್ರೇ ಹಾಕು. ಕಾಯಿಲೆ ಹೆಸ್ರೂ ಹಾಕು. ಯಾರ್ ಹೆಂಗ್ ನೋಡ್ತಾರೋ ನೋಡ್ಲಿ, ನಾನೂ ತಿರುಗಿ ನೋಡ್ತೀನಿ."

ಹಾಕಿದ್ದೇನೆ. ನಿಮ್ಮ ಮನೆಯಲ್ಲೂ ಯಾರಾದರೂ ಕಾಯಿಲೆಯನ್ನು ಹೀಗೆ ದೇವರ ಬೆನ್ನ ಹಿಂದೆ ಬಚ್ಚಿಟ್ಟಿದ್ದರೆ, ಬರೆದು ಹೇಳಿ. ನಿಧಾನಕ್ಕಾದರೂ ಸರಿ, ಒಂದೇ ಬೆರಳಲ್ಲಾದರೂ ಸರಿ.